ಚೌಡಕ್ಕನ ವಕಾಲತ್ತು

ಪೋಲಮ್ಮ ಸತ್ತ ದಿನ ಆ ಬಾಗಿಲಿಗೆ ಚಿಲಕ ಹಾಕಿದವಳು ಚೌಡಕ್ಕನೇ. ಅದರಲ್ಲಿ ಸುಳ್ಳಿಲ್ಲ. ಪೊಲೀಸರು ಬರೆದುಕೊಂಡದ್ದರಲ್ಲಿ ನಿಜ ಅಂತ ಇದ್ದದ್ದು ಅದೊಂದೇ ಮಾತು.

ಹಿಂದೂಪುರ ದಾಟಿ ಪರಿಗಿ ಕಡೆ ಹೋಗುವ ರಸ್ತೆಯಲ್ಲಿ ಲಕ್ಷ್ಮೀಕಾಂತನ ಕೋಲ್ಡ್ ಸ್ಟೋರೇಜ್ ಇದೆ. ಹುಣಸೆಯ ಕಾಲದಲ್ಲಿ ಸುತ್ತಲ ಹಳ್ಳಿಗಳ ಹಣ್ಣು ಲಾರಿ ಲಾರಿ ಬಂದು ಅಲ್ಲಿ ಬೀಳುತ್ತದೆ. ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟುತ್ತಾರೆ. ಬೀಜ ತೆಗೆಯುತ್ತಾರೆ, ನಾರು ಬಿಡಿಸುತ್ತಾರೆ. ಹುಳಿ ಬೆರಳ ಸಂದಿಗಳನ್ನು ತಿನ್ನುತ್ತದೆ. ಉಗುರಿನ ಸುತ್ತ ಸೀಳು ಬಿದ್ದು, ಊಟಕ್ಕೆ ಸಾರು ಕಲಸಿದರೆ ಕೈ ಉರಿದು ಕಣ್ಣಲ್ಲಿ ನೀರು ಬರುತ್ತದೆ. ಕುಟ್ಟಿದ ಹಣ್ಣನ್ನು ಮೂಟೆ ಮಾಡಿ ಒಳಗಿನ ಥಂಡಿ ಕೋಣೆಗೆ ಹೊರಬೇಕು. ಹೊರಗೆ ಸುಡುವ ಬಿಸಿಲು, ಒಳಗೆ ಮೂಳೆ ಕೊರೆಯುವ ಚಳಿ. ಮೈಮೇಲಿನ ಬೆವರು ಅಲ್ಲೇ ತಣ್ಣಗಾಗಿ ರವಿಕೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಹೊರುವ ಕೆಲಸ ಕೇರಿಯ ಹೆಂಗಸರಿಗೆ. ಚೌಡಕ್ಕ, ಪೋಲಮ್ಮ ಇಬ್ಬರೂ ಒಂದೇ ಕೇರಿಯವರು. ಒಂದೇ ಮೂಟೆಗೆ ಎರಡು ಕಡೆ ಕೈ ಕೊಟ್ಟು ಹೊತ್ತವರು.

ಸಂಜೆ ಕೆಲಸ ಬಿಟ್ಟಾಗ ತಪಾಸಣೆ. ಸೂಪರ್‌ವೈಜರ್ ಮುರಳಿ ಗೇಟಿನಲ್ಲಿ ನಿಂತಿರುತ್ತಿದ್ದ. ಕೇರಿಯ ಹೆಂಗಸರು ಅವನ ಮುಂದೆ ಸೆರಗು ಇಳಿಸಿ, ನೆರಿಗೆ ಸಡಿಲಿಸಿ, ಸೀರೆ ಒದರಿ ತೋರಿಸಬೇಕು. ಮಡಿಲಲ್ಲಿ ಹಣ್ಣು ಕಟ್ಟಿಕೊಂಡಿಲ್ಲ ಅಂತ ಸಾಬೀತಾಗಬೇಕು. ಊರೊಳಗಿನಿಂದ ಬರುವ ಹೆಂಗಸರಿಗೆ ಇದಿರಲಿಲ್ಲ. ಅವರ ಊಟದ ಡಬ್ಬಿ ತೆಗೆಸಿ ನೋಡಿ ಕಳಿಸುತ್ತಿದ್ದರು. ಲಾರಿಯ ಗಂಡಸರು ಬೀಡಿ ಸೇದುತ್ತ ನಿಂತು ನೋಡುತ್ತಿದ್ದರು. ಚೌಡಕ್ಕ ಒದರುತ್ತಿದ್ದಳು. ಎಲ್ಲರೂ ಒದರುತ್ತಿದ್ದರು. ಕಣ್ಣು ನೆಲಕ್ಕೆ ನೆಟ್ಟು, ಬೇಗ ಬೇಗ, ಮೈ ತಮ್ಮದಲ್ಲ ಅನ್ನುವ ಹಾಗೆ.

ಒಂದು ಸಂಜೆ ಪೋಲಮ್ಮ ಒದರಲಿಲ್ಲ. ಮುರಳಿ ಕೈ ಅಡ್ಡ ಹಿಡಿದ. ಪೋಲಮ್ಮ ಅವನ ಕೈ ತಳ್ಳಿ ಗೇಟು ದಾಟಿ ನಡೆದಳು. ಹಿಂದಿನಿಂದ ಅವನು ಬೈದದ್ದನ್ನು ಕೇರಿಯ ಯಾವ ಹೆಂಗಸೂ ಇನ್ನೊಬ್ಬಳ ಮುಂದೆ ಬಾಯಿ ಬಿಟ್ಟು ಹೇಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊಟದ ಹೊತ್ತು. ಪೋಲಮ್ಮ ಥಂಡಿ ಕೋಣೆಯೊಳಗೆ ಮೂಟೆಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದಳು. ಚೌಡಕ್ಕ ಹೊರಗೆ ಬಂದವಳು ಬಾಗಿಲಲ್ಲೇ ಲಕ್ಷ್ಮೀಕಾಂತನಿಗೆ ಎದುರಾದಳು. ಅವನ ದನಿ ಎಂದಿನಂತೆಯೇ ಇತ್ತು. ಕೋಪವೂ ಇರಲಿಲ್ಲ.

"ಚಿಲಕ ಹಾಕು. ಸೀರೆ ಒದರ್ತೀನಿ ಅಂತ ಬಾಯಿ ಬಿಡೋಗಂಟ ಅಲ್ಲೇ ಇರ್ಲಿ."

ಚೌಡಕ್ಕ ನಿಂತೇ ಇದ್ದಳು. ಅವಳ ಗಂಡ ಈರಲಿಂಗಪ್ಪ ಅಲ್ಲೇ ಲಾರಿಗೆ ಮೂಟೆ ಹೊತ್ತು ಹೊತ್ತು ಬೆನ್ನು ಮುರಿದುಕೊಂಡವನು. ಈಗ ಗೇಟು ಕಾಯುತ್ತಿದ್ದ. ಗೇಟಿನ ಪಕ್ಕದ ತಗಡಿನ ಕೋಣೆಯೇ ಅವರ ಮನೆ. ಗಂಡನ ಕೆಲಸ ಬೇಕೋ ಬೇಡವೋ ಅಂತ ಲಕ್ಷ್ಮೀಕಾಂತ ಕೇಳಿದ. ಚೌಡಕ್ಕ ಚಿಲಕ ಹಾಕಿದಳು. ಅವನು ಜೇಬಿನಿಂದ ಬೀಗ ತೆಗೆದು ಚಿಲಕಕ್ಕೆ ಹಾಕಿ, ಕೀಲಿಯನ್ನು ಅಂಗಿಯ ಜೇಬಿಗೆ ಇಳಿಸಿ, ಊಟಕ್ಕೆ ಅಂತ ಕಾರು ಹತ್ತಿ ಮನೆಗೆ ಹೋದ.

ಹೆಂಗಸರು ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಮೊದಲು ಮೂಗಿಗೆ ಚುಚ್ಚಿದ ಹಾಗಾಯಿತು. ಆಮೇಲೆ ಕಣ್ಣು ಉರಿಯಿತು. ಗ್ಯಾಸು ಗ್ಯಾಸು ಅಂತ ಮೆಷಿನ್ ನೋಡಿಕೊಳ್ಳುವವನು ಓಡಿದ. ಕೋಣೆ ತಣ್ಣಗಿಡುವ ಗ್ಯಾಸಿನ ಪೈಪಿನ ಜಾಯಿಂಟು ಹಳೆಯದಾಗಿದೆ ಅಂತ ಅವನು ಎಷ್ಟೋ ಸಲ ಹೇಳಿದ್ದ. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಬಂತು. ಒಳಗಿನಿಂದ ತೆಗೆಯುವ ಹಿಡಿ ಮುರಿದು ಬಹಳ ಕಾಲವಾಗಿತ್ತು. ಚೌಡಕ್ಕ ಸೆರಗು ಮೂಗಿಗೆ ಒತ್ತಿ ಓಡಿದಳು. ಕಲ್ಲು ತಗೊಂಡು ಬೀಗಕ್ಕೆ ಬಡಿದಳು. ಕಲ್ಲು ಜಾರಿ ಬೆರಳಿಗೆ ಬಿತ್ತು. ಮತ್ತೆ ಬಡಿದಳು. ಉಗುರು ಕಿತ್ತು ಬಂತು. ಒಳಗಿನ ಸದ್ದು ನಿಧಾನವಾಯಿತು. ಬೀಗ ಮುರಿಯುವ ಹೊತ್ತಿಗೆ ನಿಂತೇ ಹೋಗಿತ್ತು.

ಪೋಲಮ್ಮ ಬಾಗಿಲಿಗೆ ತಲೆ ಕೊಟ್ಟು ಬಿದ್ದಿದ್ದಳು. ಬಾಯಲ್ಲಿ ನೊರೆ. ಚೌಡಕ್ಕ ಅವಳ ಎರಡೂ ರಟ್ಟೆ ಹಿಡಿದು ಹೊರಗೆ ಎಳೆದು ತಾನೂ ಅಲ್ಲೇ ಕುಸಿದಳು. ಅವತ್ತು ನುಂಗಿದ ಗ್ಯಾಸಿಗೆ ಅವಳ ಗಂಟಲು ಕೆಟ್ಟಿತು. ದನಿ ಇವತ್ತಿಗೂ ಒಡಕು.

ಮಾರನೆಯ ದಿನ ಸ್ಟೇಷನ್ನಿಗೆ ಕರೆದರು. ಏನೋ ಕೇಳಬೇಕಂತೆ ಅಂದರು. ಚೌಡಕ್ಕ ಕೈಗೆ ಬಟ್ಟೆ ಸುತ್ತಿಕೊಂಡು ಹೋದಳು. ಬೆಂಚಿನ ಮೇಲೆ ಕೂತಳು. ನೀರು ಕೇಳಿದರೆ ಹೊರಗಿನ ನಲ್ಲಿ ತೋರಿಸಿದರು. ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಲಕ್ಷ್ಮೀಕಾಂತ ಕೂತಿದ್ದ. ಅವನಿಗೆ ಟೀ ಬಂತು. ಪೊಲೀಸರು ಚಿಲಕ ಯಾರು ಹಾಕಿದ್ದು ಅಂತ ಕೇಳಿದರು. ನಾನೇ ಅಂದಳು. ಬರೆದುಕೊಂಡರು. ಸಾಹುಕಾರ್ರು ಹಾಕು ಅಂದರು ಅಂತ ಹೇಳಿದಳು. ಬರೆಯುವವನ ಪೆನ್ನು ನಿಂತಿತ್ತು. ಬೀಗದ ಮಾತು ತೆಗೆದಳು. ಪೆನ್ನು ಅಲ್ಲಾಡಲಿಲ್ಲ. ಲಾಯರು ಬರುವವರೆಗೆ ನಾನು ಏನೂ ಹೇಳುವುದಿಲ್ಲ ಅಂತ ಅವಳು ಅನ್ನಬಹುದಿತ್ತು. ಬರೆದದ್ದನ್ನು ಓದಿ ಹೇಳಿ ಅಂತ ಕೇಳಬಹುದಿತ್ತು. ಹಾಗೆ ಅನ್ನಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು. ತೆಲುಗಿನಲ್ಲಿ ಹೆಸರು ಬರೆಯುವುದೊಂದೇ ಅವಳಿಗೆ ಬರುತ್ತಿದ್ದದ್ದು. ಬಟ್ಟೆ ಸುತ್ತಿದ ಬೆರಳಿನಿಂದ ರಕ್ತ ಜಿನುಗಿ ಕಾಗದಕ್ಕೆ ತಗುಲಿತು. ಪೊಲೀಸಪ್ಪ ಬೈದು ಬೇರೆ ಹಾಳೆ ಕೊಟ್ಟ.

ಕತ್ತಲಾಗುವ ಮುಂಚೆ ಲಕ್ಷ್ಮೀಕಾಂತ ಒಬ್ಬ ಲಾಯರನ್ನು ಕರೆಸಿದ. ಹೆಸರು ಹರಿಕೃಷ್ಣ. ನಗುಮುಖ, ಮೆತ್ತನೆಯ ಮಾತು. ಅಮ್ಮಾ ಅಂತ ಕರೆದ. ಅವಳ ಕೇಸು ತಾನು ನೋಡಿಕೊಳ್ಳುತ್ತೇನೆ ಅಂದ. ವಕಾಲತ್ತು ಅಂತ ಒಂದು ಕಾಗದ ಮುಂದಿಟ್ಟ. ಅದಕ್ಕೆ ಸಹಿ ಹಾಕಿದರೆ ಕೋರ್ಟಿನಲ್ಲಿ ಅವಳ ಪರವಾಗಿ ಮಾತಾಡುವ ಅಧಿಕಾರ ಅವನಿಗೆ ಬರುತ್ತದೆ. ಚೌಡಕ್ಕ ಅಳುತ್ತಲೇ ಸಹಿ ಹಾಕಿದಳು. ಅವನ ಕಾಲು ಮುಟ್ಟುವುದಕ್ಕೂ ಬಗ್ಗಿದಳು. ಸ್ಟೇಷನ್ನಿನಲ್ಲಿ ಅವಳನ್ನು ಅಮ್ಮಾ ಅಂದವನು ಅವನೊಬ್ಬನೇ.

ಬೇಲು ಸುಲಭವಾಗಿ ಸಿಕ್ಕಿತು. ಅಜಾಗರೂಕತೆಯಿಂದ ಸಾವು ಅಂತ ಕೇಸು. ಒಳಗೆ ಯಾರಿದ್ದಾರೆ ಅಂತ ನೋಡದೆ ಆರೋಪಿ ಚಿಲಕ ಹಾಕಿ ಊಟಕ್ಕೆ ಹೋದಳು, ಅಷ್ಟರಲ್ಲಿ ಗ್ಯಾಸು ಸೋರಿತು. ಇಷ್ಟೇ ಕತೆ. ಅದರಲ್ಲಿ ಗೇಟಿನ ತಪಾಸಣೆ ಇರಲಿಲ್ಲ. ಬೀಗ ಇರಲಿಲ್ಲ. ಲಕ್ಷ್ಮೀಕಾಂತನ ಹೆಸರು ಸಾಕ್ಷಿಗಳ ಸಾಲಿನಲ್ಲಿತ್ತು.

ಕೇರಿಗೆ ಈ ಕತೆ ಅವಳಿಗಿಂತ ಮುಂಚೆ ತಲುಪಿತ್ತು. ಪೋಲಮ್ಮನಿಗೆ ಒಬ್ಬಳೇ ಮಗಳು, ಶಿರೀಷಾ. ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. ಲಕ್ಷ್ಮೀಕಾಂತ ತಾನೇ ಅವಳ ಮನೆಗೆ ಹೋಗಿ, ಹೊಸ್ತಿಲ ಹೊರಗೆ ನಿಂತು, ಓದು ತಾನು ನೋಡಿಕೊಳ್ಳುತ್ತೇನೆ ಅಂದನಂತೆ. ಚೌಡಕ್ಕ ಹೋದಾಗ ಶಿರೀಷಾ ಬಾಗಿಲು ತೆಗೆಯಲಿಲ್ಲ. ಒಳಗಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಬಾಗಿಲಿನ ಸಂದಿಯಲ್ಲಿ ಅವಳ ಪಾದ ಕಾಣುತ್ತಿತ್ತು.

ಕೇಸು ಮುಗಿಯುವವರೆಗೆ ಚೌಡಕ್ಕ ಹಿಂದೂಪುರದಲ್ಲಿರುವುದು ಬೇಡ ಅಂತ ಲಕ್ಷ್ಮೀಕಾಂತ ಹೇಳಿ ಕಳಿಸಿದ. ತವರಿಗೆ ಹೋಗಲಿ. ಈರಲಿಂಗಪ್ಪ ಇಲ್ಲೇ ಇರಲಿ, ಗೇಟು ಕಾಯಲಿ. ಚೌಡಕ್ಕನ ತವರು ಕಲ್ಯಾಣದುರ್ಗದ ಹತ್ತಿರದ ಹಳ್ಳಿ. ಗುಡ್ಡದ ಮೇಲೆ ಗಾಳಿಯ ಕಂಬಗಳು ತಿರುಗುತ್ತಿರುವ ಊರು. ತಮ್ಮ ಗಂಗಾಧರ ಅಲ್ಲಿ ಆಟೋ ಓಡಿಸುತ್ತಿದ್ದ. ಅಕ್ಕನನ್ನು ನೋಡಿ ಏನೂ ಕೇಳದೆ ಚಾಪೆ ಹಾಸಿದ.

ಗಂಡನಿಗೆ ಫೋನ್ ಮಾಡಿದರೆ ಅವನು ಚೆನ್ನಾಗಿದ್ದೀನಿ ಅನ್ನುತ್ತಿದ್ದ. ಊಟ ಆಯ್ತು ಅನ್ನುತ್ತಿದ್ದ. ಮಾತಿನ ನಡುವೆ ಪಕ್ಕದಲ್ಲಿ ಇನ್ನೊಬ್ಬರ ಕೆಮ್ಮು ಕೇಳುತ್ತಿತ್ತು. ಯಾರು ಅಲ್ಲಿ ಅಂತ ಕೇಳಿದರೆ ಯಾರೂ ಇಲ್ಲ ಅನ್ನುತ್ತಿದ್ದ.

ಚಾರ್ಜ್‌ಶೀಟು ಬಿದ್ದ ಮೇಲೆ ಹರಿಕೃಷ್ಣ ಅವಳನ್ನು ಹಿಂದೂಪುರದ ತನ್ನ ಆಫೀಸಿಗೆ ಕರೆಸಿಕೊಂಡ. ಎಸಿ ಹಾಕಿದ ಕೋಣೆ. ಆ ಥಂಡಿ ಮೈಗೆ ತಗುಲಿದ್ದೇ ಚೌಡಕ್ಕನ ಉಸಿರು ಕಟ್ಟಿತು. ಬಾಗಿಲ ಹತ್ತಿರವೇ ನಿಂತಳು. ಕೂತುಕೋ ಅಂದರೂ ಕೂರಲಿಲ್ಲ. ಅವನು ಕೋರ್ಟಿನಲ್ಲಿ ಏನಾಗುತ್ತದೆ ಅಂತ ತಿಳಿಸಿದ. ಜಡ್ಜಮ್ಮ ಕೇಸು ಓದಿ ಹೇಳುತ್ತಾರೆ. ತಪ್ಪು ಒಪ್ಪಿಕೊಳ್ಳುತ್ತೀಯಾ ಅಂತ ಕೇಳುತ್ತಾರೆ. ಒಪ್ಪುಕುಂಟಾನು, ಅಂದರೆ ಒಪ್ಪಿಕೊಳ್ಳುತ್ತೇನೆ, ಅಂತ ಒಂದೇ ಮಾತು ಹೇಳಿ ಕೈ ಮುಗಿದರೆ ಮುಗಿಯಿತು. ಹೆಂಗಸು, ಓದಿಲ್ಲದವಳು ಅಂತ ಕನಿಕರ ತೋರಿಸುತ್ತಾರೆ. ಫೈನು ಹಾಕಿ ಬಿಡುತ್ತಾರೆ. ಅದನ್ನು ಸಾಹುಕಾರ್ರೇ ಕಟ್ಟುತ್ತಾರೆ. ಒಪ್ಪದೇ ಹೋದರೆ ವರ್ಷಗಟ್ಟಲೆ ತಿರುಗಬೇಕು, ಕೊನೆಗೆ ಜೈಲೇ.

ಚೌಡಕ್ಕ ಕೇಳಿದಳು. "ಬೀಗದ್ ಇಸ್ಯ ಹೇಳ್ಬೋದಾ ಸಾರ್?"

ಹರಿಕೃಷ್ಣ ನಗುತ್ತಲೇ ಇದ್ದ. "ಯಾವ ಬೀಗಮ್ಮಾ? ಚಾರ್ಜ್‌ಶೀಟಲ್ಲಿ ಬೀಗ ಅಂತ ಎಲ್ಲೂ ಇಲ್ವಲ್ಲ."

"ಕಲ್ಲಲ್ಲಿ ಒಡ್ದವ್ಳು ನಾನು."

ಅವನು ಪೆನ್ನಿನ ಮುಚ್ಚಳ ಹಾಕಿದ. ಮೆಲ್ಲಗೆ ಹೇಳಿದ. "ಗೇಟ್ ಹತ್ರ ನಿನ್ನ ಗಂಡ ಒಬ್ಬನೇ ಇರ್ತಾನೆ. ಪಾಪ, ಬೆನ್ನು ಬೇರೆ ಸರಿ ಇಲ್ಲ. ಲಾರಿಗಳು ಓಡಾಡೋ ಜಾಗ. ನಿನಗೆ ಯಾಕಮ್ಮಾ ಬೀಗದ ಚಿಂತೆ?"

ಚೌಡಕ್ಕ ಬಸ್ಸು ಹತ್ತಿದಳು. ಪೆನುಕೊಂಡದ ಗುಡ್ಡ ಬಂದು ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಒಪ್ಪಿಕೊಂಡುಬಿಡೋಣ ಅಂತಲೇ ಅವಳು ತೀರ್ಮಾನ ಮಾಡಿದ್ದಳು. ಹೆದರಿಕೆಯಿಂದ ಮಾತ್ರ ಅಲ್ಲ. ಚಿಲಕ ಹಾಕಿದ್ದು ತಾನೇ ಅಲ್ಲವೇ? ಶಿಕ್ಷೆ ಆಗಲಿ ಅಂತಲೇ ಅವಳ ಒಳಗಿತ್ತು. ಹರಿಕೃಷ್ಣನಿಗೆ ಅದು ಗೊತ್ತಿತ್ತು. ಅವಳ ಆ ಸಂಕಟವನ್ನೇ ಅವನು ಬಳಸಿಕೊಳ್ಳುತ್ತಿದ್ದ.

ಗಂಗಾಧರನಿಗೆ ವಿಷಯ ಹೇಳಿದಾಗ ಅವನು ಆಟೋ ತೆಗೆದ. ಕಲ್ಯಾಣದುರ್ಗದ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಶ್ರೀಲತಾ ಅನ್ನುವ ಲಾಯರಮ್ಮ ಇದ್ದಳು. ಆಟೋದವರ ಮೇಲೆ ಹಿಂದೊಮ್ಮೆ ಕೇಸು ಬಿದ್ದಾಗ ನಿಂತು ಬಿಡಿಸಿದವಳು. ಮರದ ಬೆಂಚು, ಕಿರುಗುಟ್ಟುವ ಫ್ಯಾನು. ಅವಳು ಚೌಡಕ್ಕನನ್ನು ಎದುರು ಕುರ್ಚಿಯಲ್ಲಿ ಕೂರಿಸಿ, ತಮ್ಮನನ್ನು ಹೊರಗೆ ಕಳಿಸಿದಳು. ಚೌಡಕ್ಕ ತಂದಿದ್ದ ಚಾರ್ಜ್‌ಶೀಟಿನ ಕಾಗದಗಳನ್ನು ಓದಿ ಮೊದಲು ಒಂದು ಮಾತು ಕೇಳಿದಳು.

"ನಿಮ್ಮ ಲಾಯರಿಗೆ ಫೀಸು ಯಾರು ಕೊಡ್ತಿದಾರೆ?"

"ಸಾವ್ಕಾರ್ರು."

"ಹಂಗಾದ್ರೆ ಅವರು ಯಾರ ಲಾಯರು, ಚೌಡಕ್ಕ?"

ಚೌಡಕ್ಕ ಮೇಜಿನ ಮೇಲಿದ್ದ ಕಾಗದಗಳನ್ನು ತನ್ನ ಕಡೆ ಎಳೆದುಕೊಂಡಳು.

ಶ್ರೀಲತಾ ಒಂದೊಂದಾಗಿ ತಿಳಿಸಿದಳು. ಈ ಕೇಸಿನಲ್ಲಿ ಐದು ವರ್ಷದವರೆಗೂ ಜೈಲಿದೆ. ಫೈನು ಹಾಕಿ ಬಿಡುತ್ತಾರೆ ಅಂತ ಯಾವ ಲಾಯರೂ ಮಾತು ಕೊಡುವ ಹಾಗಿಲ್ಲ, ಅದು ಜಡ್ಜಿಗೆ ಬಿಟ್ಟದ್ದು. ವಕಾಲತ್ತು ಕೊಟ್ಟವರು ಅದನ್ನು ವಾಪಸ್ಸು ತಗೋಬಹುದು, ಬೇರೆಯವರನ್ನು ಇಟ್ಟುಕೊಳ್ಳಬಹುದು. ಹೆಂಗಸರಿಗೆ, ಕೇರಿಯವರಿಗೆ ಕೋರ್ಟೇ ಪುಕ್ಕಟೆ ಲಾಯರನ್ನು ಕೊಡುತ್ತದೆ. ಹಿಂದೂಪುರದಲ್ಲೂ ಅದಕ್ಕೆ ಕಮಿಟಿ ಇದೆ, ತಾನೇ ಅರ್ಜಿ ಬರೆಸಿ ಅಲ್ಲಿಗೆ ಬರುತ್ತೇನೆ. ಒಪ್ಪಿಕೊಳ್ಳುವುದೋ ಇಲ್ಲವೋ ಅನ್ನುವುದನ್ನು ಚೌಡಕ್ಕನೇ ತನ್ನ ಬಾಯಿಂದ ಹೇಳಬೇಕು. ಅದನ್ನು ಅವಳ ಬದಲು ಯಾರೂ ಹೇಳುವಂತಿಲ್ಲ.

ಆಮೇಲೆ ಅವಳು ನಡೆದದ್ದನ್ನು ಹೇಳಿ ಅಂದಳು. ಇಲ್ಲಿ ಹೇಳಿದ್ದು ಈ ಗೋಡೆ ದಾಟುವುದಿಲ್ಲ. ನಿಮಗೆ ಕೆಡುಕಾಗುವ ಮಾತಿದ್ದರೆ ಅದನ್ನೇ ಮೊದಲು ಹೇಳಿ.

ಚೌಡಕ್ಕ ಅದನ್ನೇ ಮೊದಲು ಹೇಳಿದಳು. ಪೋಲಮ್ಮ ಒಳಗಿದ್ದಾಳೆ ಅಂತ ಗೊತ್ತಿದ್ದೇ ಚಿಲಕ ಹಾಕಿದೆ ಅಂದಳು. ಗೇಟು, ಸೀರೆ, ಮುರಳಿಯ ಕೈ, ಬೀಗ, ಕೀಲಿ, ಕಾರು ಎಲ್ಲ ಹೇಳಿದಳು. ಒಡಕು ದನಿ ನಡುನಡುವೆ ನಿಂತೇ ಹೋಗುತ್ತಿತ್ತು. ನೀರು ಕುಡಿದು ಮತ್ತೆ ಶುರು ಮಾಡುತ್ತಿದ್ದಳು.

ಶ್ರೀಲತಾ ಮುಚ್ಚಿಡದೆ ಹೇಳಿದಳು. ಇದನ್ನು ಕೋರ್ಟಿನ ಮುಂದೆ ಇಟ್ಟರೆ ಕೇಸೇ ಬೇರೆಯಾಗುತ್ತದೆ. ಬೇಕಂತಲೇ ಕೂಡಿ ಹಾಕಿದ್ದು ಅಂತಾಗುತ್ತದೆ. ಸಾಹುಕಾರ ಸಿಕ್ಕಿಬೀಳುತ್ತಾನೆ. ಜೊತೆಗೆ ಚೌಡಕ್ಕನೂ ಬೀಳುತ್ತಾಳೆ. ಬೇಲು ರದ್ದಾಗಿ ಜೈಲಿಗೂ ಹೋಗಬೇಕಾಗಬಹುದು.

"ಬಾಯಿ ಮುಚ್ಕೊಂಡಿರೋದು ನಿಮ್ಮ ಹಕ್ಕು. ಒಪ್ಪಲ್ಲ ಅಂತ ಹೇಳಿ ಸುಮ್ಮನಿದ್ರೆ, ನಾನು ಈ ಕೇಸು ನಡೆಸ್ತೀನಿ. ಬಿಡುಗಡೆ ಆದ್ರೂ ಆಗಬಹುದು. ನಿಮ್ಮ ಲಾಯರಾಗಿ ನಾನು ಇದನ್ನ ಹೇಳಲೇಬೇಕು."

ಚೌಡಕ್ಕ ತನ್ನ ಬೆರಳು ನೋಡಿಕೊಂಡಳು. ಎರಡು ಬೆರಳಲ್ಲಿ ಉಗುರು ಇನ್ನೂ ಬಂದಿರಲಿಲ್ಲ.

"ನಾ ಸುಮ್ಕಿದ್ರೆ, ಪೋಲಮ್ಮ ಸೀರೆ ಒದರ್ಲಿಲ್ಲ ಅಂತ ಯಾರ್ ಹೇಳ್ತಾರೆ ಮೇಡಂ? ಕಣ್ ಕಾಣ್ದಿರೋ ಮುದ್ಕಿ ಹಂಗೆ ಸತ್ಲು ಅಂತಾಯ್ತದೆ. ಅವ್ಳು ಹಂಗ್ ಸಾಯ್ಲಿಲ್ಲ."

ಕೋರ್ಟಿನ ದಿನಕ್ಕೆ ಮುಂಚೆ ಕಲ್ಯಾಣದುರ್ಗಕ್ಕೆ ಮುರಳಿ ಬಂದ. ಬೈಕು ನಿಲ್ಲಿಸಿ ಗಂಗಾಧರನ ಮನೆಯ ಎದುರು ಕಟ್ಟೆಯ ಮೇಲೆ ಕೂತ. ಯಾರಿಗೂ ಏನೂ ಅನ್ನಲಿಲ್ಲ. ಫೋನು ನೋಡುತ್ತ ಕೂತಿದ್ದು ಹೋದ. ಮಾರನೆಯ ದಿನವೂ ಬಂದ. ಆಟೋ ಹೊರಟರೆ ಅವನ ಬೈಕೂ ಹೊರಡುತ್ತಿತ್ತು. ಗಂಗಾಧರನ ಹೆಂಡತಿ ಮಕ್ಕಳನ್ನು ಅಂಗಳಕ್ಕೆ ಬಿಡುವುದು ನಿಲ್ಲಿಸಿದಳು. ಅತ್ತಿಗೆ ನಾದಿನಿಯರ ನಡುವೆ ಮಾತು ಕಡಿಮೆಯಾಯಿತು. ಹಿಂದೂಪುರಕ್ಕೆ ಫೋನು ಮಾಡಿದರೆ ಈರಲಿಂಗಪ್ಪ ಎತ್ತಲಿಲ್ಲ.

ಕೋರ್ಟಿಗೆ ಚೌಡಕ್ಕ ಬೆಳಗಿನ ಬಸ್ಸಿಗೇ ಬಂದಳು. ಹರಿಕೃಷ್ಣ ವರಾಂಡದಲ್ಲೇ ಕಾದಿದ್ದ. ಅವಳ ತಲೆಯ ಮೇಲೆ ಕೈ ಇಡುವ ಹಾಗೆ ಮಾಡಿ, ಹೇಳಿಕೊಟ್ಟದ್ದು ನೆನಪಿದೆಯಾ ಅಂದ. ಅವಳು ತಲೆ ಆಡಿಸಿದಳು. ನೆನಪಿತ್ತು. ಶ್ರೀಲತಾ ಇನ್ನೂ ಬಂದಿರಲಿಲ್ಲ. ಕೋರ್ಟಿನ ಒಳಗೆ ಹಿಂದಿನ ಬೆಂಚಿನ ಮೇಲೆ ಲಕ್ಷ್ಮೀಕಾಂತ ಕೂತಿದ್ದ. ಅವನ ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಶಿರೀಷಾ. ತಾಯಿಯನ್ನು ಕೊಂದವಳಿಗೆ ಶಿಕ್ಷೆ ಆಗುವುದನ್ನು ನೋಡು ಅಂತ ಅವನೇ ಕಾರಿನಲ್ಲಿ ಕರೆತಂದಿದ್ದ. ಚೌಡಕ್ಕ ಅವಳ ಕಡೆ ನೋಡಿದಳು. ಹುಡುಗಿ ಕಣ್ಣು ತಿರುಗಿಸಲಿಲ್ಲ. ಆ ನೋಟ ಚುಚ್ಚಿತು.

ಹೆಸರು ಕೂಗಿದರು. ಚೌಡಕ್ಕ ಕಟಕಟೆಯಲ್ಲಿ ನಿಂತಳು. ಜಡ್ಜಮ್ಮ ವಯಸ್ಸಿನಲ್ಲಿ ಚಿಕ್ಕವರು. ಕೇಸನ್ನು ತೆಲುಗಿನಲ್ಲಿ ಓದಿ, ಅರ್ಥವಾಯಿತಾ ಅಂತ ಕೇಳಿದರು. ಆಯಿತು ಅಂದಳು.

"ನೇರಂ ಒಪ್ಪುಕುಂಟುನ್ನಾರಾ?" ತಪ್ಪು ಒಪ್ಪಿಕೊಳ್ಳುತ್ತೀರಾ?

ಹರಿಕೃಷ್ಣ ಎದ್ದು ನಿಂತಿದ್ದ. ಆರೋಪಿ ಒಪ್ಪಿಕೊಳ್ಳುತ್ತಿದ್ದಾಳೆ, ಬಡವಿ, ಕರುಣೆ ತೋರಿಸಬೇಕು ಅಂತ ಶುರು ಮಾಡಿದ. ಜಡ್ಜಮ್ಮ ಅವನನ್ನು ತಡೆದು, ಆಕೆಯೇ ಹೇಳಲಿ ಅಂದರು.

ಹರಿಕೃಷ್ಣ ಮೆಲ್ಲಗೆ ಹೇಳಮ್ಮಾ ಹೇಳು ಅನ್ನುತ್ತಿದ್ದ. ಹಿಂದೆ ಲಕ್ಷ್ಮೀಕಾಂತ ಕಾಲ ಮೇಲೆ ಕಾಲು ಹಾಕಿದ. ಚೌಡಕ್ಕ ಕಟಕಟೆಯ ಮರ ಹಿಡಿದುಕೊಂಡಳು.

"ಒಪ್ಪುಕೋನು," ಅಂದಳು. ಒಪ್ಪಲ್ಲ. ದನಿ ಒಡೆದು ಬಂತು. ಯಾರಿಗೂ ಸರಿಯಾಗಿ ಕೇಳಿಸಲಿಲ್ಲವೇನೋ ಅಂತ ಮತ್ತೊಮ್ಮೆ ಅಂದಳು. ಆಮೇಲೆ ಕೈ ಎತ್ತಿ ಹರಿಕೃಷ್ಣನನ್ನು ತೋರಿಸಿದಳು. "ಇವ್ರು ನನ್ ಲಾಯರಲ್ಲಮ್ಮ. ಸಾವ್ಕಾರ್ರ ಲಾಯರು. ನಂಗೆ ಇವ್ರು ಬ್ಯಾಡ."

ಹರಿಕೃಷ್ಣನ ಮುಖದಲ್ಲಿ ನಗು ಹಾಗೇ ಉಳಿದುಕೊಂಡಿತ್ತು, ತೆಗೆಯುವುದನ್ನು ಮರೆತ ಹಾಗೆ. ಆಕೆಗೆ ತಲೆ ಸರಿಯಿಲ್ಲ, ಯಾರೋ ಹೇಳಿಕೊಟ್ಟಿದ್ದಾರೆ ಅಂದ. ಜಡ್ಜಮ್ಮ ಅವನನ್ನು ಕೂರಿಸಿದರು. ಬಾಗಿಲಲ್ಲಿ ಶ್ರೀಲತಾ ಬೆವರುತ್ತ ನಿಂತಿದ್ದಳು. ಬಸ್ಸು ರೊದ್ದಂ ಹತ್ತಿರ ಕೆಟ್ಟು ನಿಂತು, ಹಾಲಿನ ಗಾಡಿ ಹತ್ತಿ ಬಂದಿದ್ದಳು. ಮುಂದೆ ಬಂದು ಹೊಸ ವಕಾಲತ್ತು ಕೊಟ್ಟಳು. ಹೆಚ್ಚಿನ ತನಿಖೆ ಆಗಬೇಕು ಅಂತ ಒಂದು ಅರ್ಜಿ ಹಾಕುವುದಿದೆ ಅಂದಳು. ಕೇಸು ಮುಂದಕ್ಕೆ ಹೋಯಿತು. ಹಿಂದಿನ ಬೆಂಚಿನಿಂದ ಲಕ್ಷ್ಮೀಕಾಂತ ಎದ್ದು ಹೊರಗೆ ಹೋದ. ಅವಸರವೇನೂ ಇರಲಿಲ್ಲ ಅವನ ನಡಿಗೆಯಲ್ಲಿ.

ಯಾರ ಹತ್ತಿರವೂ ಈಗಲೇ ಏನೂ ಮಾತಾಡಬೇಡಿ ಅಂತ ಶ್ರೀಲತಾ ಎಚ್ಚರಿಸಿದ್ದಳು. ಆಡಿದ ಮಾತೆಲ್ಲ ನಾಳೆ ನಿಮ್ಮ ಮೇಲೆ ಬರುತ್ತದೆ ಅಂದಿದ್ದಳು. ಚೌಡಕ್ಕ ತಲೆ ಆಡಿಸಿದ್ದಳು. ಆದರೆ ಅಂಗಳದಲ್ಲಿ ಶಿರೀಷಾ ಒಬ್ಬಳೇ ನಿಂತಿರುವುದು ಕಂಡಾಗ ಅವಳ ಕಾಲುಗಳು ಅತ್ತಲೇ ನಡೆದವು.

ಚೌಡಕ್ಕ ಹೇಳಿದಳು. ಅವ್ವ ಒಳಗಿದ್ದದ್ದು ಗೊತ್ತಿತ್ತು ಅಂದಳು. ಗೊತ್ತಿದ್ದೇ ಚಿಲಕ ಹಾಕಿದೆ ಅಂದಳು. ಯಾಕೆ ಅನ್ನುವುದನ್ನೂ ಹೇಳಿದಳು. ಗೇಟಿನ ಮಾತನ್ನೂ ಹೇಳಿದಳು. ದಿನಾ ಸಂಜೆ ಅವ್ವ ಮನೆಗೆ ಬಂದು ಮೊದಲು ಸ್ನಾನ ಮಾಡುತ್ತಿದ್ದದ್ದು ಯಾಕೆ ಅಂತ ಶಿರೀಷಾಳಿಗೆ ಅವತ್ತು ಗೊತ್ತಾಯಿತು.

"ನೀ ಬಾಗ್ಲು ಹಾಕ್ದಾಗ ಅವ್ವ ಏನಂದ್ಲು?"

ಚೌಡಕ್ಕ ಇದನ್ನು ಶ್ರೀಲತಾಳಿಗೂ ಹೇಳಿರಲಿಲ್ಲ. "ಹಾಕ್ಕೊಳ್ಳೇ ಚೌಡಿ, ಒಳ್ಗೆ ಕೂತಾದ್ರೂ ಇರ್ತೀನಿ, ಅವನ್ ಮುಂದೆ ಮಾತ್ರ ಒದರಲ್ಲ, ಅಂದ್ಲು ಕಣವ್ವ."

ಶಿರೀಷಾ ಅವಳ ಕೆನ್ನೆಗೆ ಹೊಡೆದಳು. ಜೋರಾಗಿ. ಜನ ತಿರುಗಿ ನೋಡಿದರು. ಚೌಡಕ್ಕ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಗೇಟಿನ ಹೊರಗೆ ಲಕ್ಷ್ಮೀಕಾಂತನ ಕಾರು ಹಾರ್ನ್ ಹೊಡೆಯಿತು. ಶಿರೀಷಾ ಕಾರಿನ ಕಡೆ ಹೋಗಲಿಲ್ಲ. ಬಿಸಿಲಲ್ಲಿ ಒಬ್ಬಳೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಅವತ್ತೇ ಸಂಜೆ ಗೇಟಿನ ಕೋಣೆ ಖಾಲಿಯಾಯಿತು. ಈರಲಿಂಗಪ್ಪನ ಚಾಪೆ, ಪಾತ್ರೆ, ಸ್ಟವ್ವು ರಸ್ತೆಯ ಚರಂಡಿಯಲ್ಲಿ ಬಿದ್ದಿದ್ದವು. ಅವನು ಕಲ್ಯಾಣದುರ್ಗಕ್ಕೆ ಬಂದಾಗ ಬೆನ್ನು ಬಗ್ಗಿ ಎರಡಾಗಿತ್ತು, ತುಟಿ ಒಡೆದಿತ್ತು. ಬಿದ್ದೆ ಅಂದ. ಆಮೇಲೆ ಹೆಂಡತಿಯ ಮುಖ ನೋಡದೆ, ಆ ದಿನ ಗೇಟು ತೆಗೆದು ಕಾರು ಬಿಟ್ಟವನು ನಾನು, ಅವನು ಕೀಲಿಯನ್ನು ಬೆರಳಿಗೆ ಹಾಕಿ ತಿರುಗಿಸುತ್ತ ಹೋದದ್ದು ನೋಡಿದ್ದೆ ಅಂದ. ಇಷ್ಟು ದಿನ ಗಂಡ ಹೆಂಡತಿ ಇಬ್ಬರೂ ಆ ಮಾತು ಎತ್ತಿರಲಿಲ್ಲ.

ಅರ್ಜಿಯನ್ನು ಕೋರ್ಟು ಒಪ್ಪಿಕೊಂಡಿತು. ತನಿಖೆ ಡಿಎಸ್‌ಪಿ ಕೈಗೆ ಬಂತು. ಲಕ್ಷ್ಮೀಕಾಂತ ಊರಲ್ಲಿಲ್ಲ ಅಂತ ಸುದ್ದಿಯಾಯಿತು. ದೊಡ್ಡ ಕೋರ್ಟಿನಲ್ಲಿ ಅವನ ಲಾಯರುಗಳು ಓಡಾಡುತ್ತಿದ್ದರು. ಕೋಲ್ಡ್ ಸ್ಟೋರೇಜಿನ ಹೆಂಗಸರಲ್ಲಿ ಒಬ್ಬಳೂ ಗೇಟಿನ ಮಾತು ಹೇಳಲು ಮುಂದೆ ಬರಲಿಲ್ಲ. ಬೀಗ ಯಾವತ್ತೂ ಇರಲೇ ಇಲ್ಲ ಅಂತ ಮೂವರು ಹೇಳಿಕೆ ಕೊಟ್ಟರು. ಅವರ ಮೇಲೆ ಚೌಡಕ್ಕನಿಗೆ ಸಿಟ್ಟು ಬರಲಿಲ್ಲ. ಅವರಿಗೂ ಗಂಡಂದಿರಿದ್ದರು.

ಶ್ರೀಲತಾ ಫೋನು ಮಾಡಿ ಕೇಸಿಗೆ ಹೊಸ ಸೆಕ್ಷನ್ನು ಸೇರಿದೆ ಅಂತ ಹೇಳಿದಳು. ಬೇಲು ರದ್ದು ಮಾಡಿ ಅಂತ ಪೊಲೀಸರು ಕೇಳಿದ್ದಾರೆ. ಯಾವತ್ತಾದರೂ ಬಂದು ಹಿಡಿದುಕೊಂಡು ಹೋಗಬಹುದು. ನಾನು ನಿಂತು ವಾದ ಮಾಡ್ತೀನಿ, ಆದರೆ ಬಟ್ಟೆ ಗಂಟು ಕಟ್ಟಿಟ್ಟುಕೊಳ್ಳಿ ಅಂದಳು.

ಚೌಡಕ್ಕ ಗಂಟು ಕಟ್ಟಿದಳು. ಕಟ್ಟಿದ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹಿಂದೂಪುರದ ಬಸ್ಸು ಹತ್ತಿ ಕೇರಿಗೆ ಬಂದಳು. ಅವಳು ನಡೆದ ಹಾಗೆ ಬಾಗಿಲುಗಳು ಮುಚ್ಚಿಕೊಂಡವು. ಕೇರಿಯ ತುದಿಯಲ್ಲಿ ಮುರಳಿಯ ಬೈಕು ನಿಂತಿತ್ತು. ಅವನ ಜೊತೆ ಇನ್ನಿಬ್ಬರಿದ್ದರು. ಮೂವರೂ ಮಾತು ನಿಲ್ಲಿಸಿ ಅವಳನ್ನು ನೋಡಿದರು. ಚೌಡಕ್ಕ ನಿಲ್ಲದೆ ಪೋಲಮ್ಮನ ಮನೆಯ ಮುಂದೆ ಬಂದು ಕೂಗಿದಳು.

ಶಿರೀಷಾ ಬಾಗಿಲು ತೆಗೆದಳು. ಕಾಲೇಜು ಬಿಟ್ಟಿದ್ದಾಳೆ ಅಂತ ಅವಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಕೈಬೆರಳ ಸಂದಿಗಳಲ್ಲಿ ಹುಣಸೆಯ ಸೀಳುಗಳಿದ್ದವು. ಬೇರೆ ಯಾವುದೋ ಮಂಡಿಯಲ್ಲಿ ಹಣ್ಣು ಕುಟ್ಟುತ್ತಿದ್ದಳು. ಒಳಗೆ ಬಾ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ.

"ಡಿಎಸ್‌ಪಿ ಆಫೀಸ್ಗೆ ಕರ್ದವ್ರೆ," ಅಂದಳು. "ಸಾಯೋಕ್ ಹಿಂದ್ಲ್ ದಿನ ಅವ್ವ ನಂಗೊಂದ್ ಮಾತು ಹೇಳಿದ್ಲು. ಇನ್ಮ್ಯಾಲೆ ಆ ಗೇಟಲ್ಲಿ ಸೆರಗ್ ಇಳ್ಸಲ್ಲ ಅಂತ. ಏನಂತ ಕೇಳ್ದೆ, ಹೇಳ್ಲಿಲ್ಲ. ಅದುನ್ನ ಹೇಳ್ತೀನಿ. ಕೋರ್ಟಲ್ಲಿ ನೀ ನಂಗೆ ಹೇಳಿದ್ದೂ ಹೇಳ್ತೀನಿ. ನಿನ್ ಮ್ಯಾಲೂ ಹೇಳ್ತೀನಿ, ಬಿಡಲ್ಲ."

ಹಿಂದೆ ಬೈಕು ಸ್ಟಾರ್ಟ್ ಆದ ಸದ್ದು ಬಂತು. ಚೌಡಕ್ಕ ತಿರುಗಲಿಲ್ಲ.

"ಹೇಳವ್ವ," ಅಂದಳು. "ಅದ್ನೇ ಕೇಳಾಕ್ ಬಂದೆ. ನಡಿ, ಜೊತೇಲೇ ಹೋಗಾಣ. ನೀನೊಬ್ಳೇ ಹೋಗ್ಬ್ಯಾಡ."